ತಂತಮ್ಮ ಏರ್ಪಾಡಿನ ನಗರ ಜಕಾರ್ತ

(ಮಂಗಳೂರಿನಲ್ಲಿ ವ್ಯಾಪಾರಸ್ಥರ ಸಭೆಯೊಂದರಲ್ಲಿ ಮಾಡಿದ ಉಪನ್ಯಾಸವನ್ನು ಓದಿಗೆ ಒಗ್ಗುವಂತೆ ತಿದ್ದಿ ಬರೆದದ್ದು.)

ಸಭಿಕರೇ,

ನಮ್ಮ ಹೋಟೆಲುಗಳ ಬಾಣಲೆಯಲ್ಲಿ, ಅಂಗಡಿಯ ಬಿಸ್ಕತ್ತಿನಲ್ಲಿ, ಬಚ್ಚಲುಮನೆಯ ಸಾಬೂನಿನಲ್ಲಿ ನಮಗೆ ಗೊತ್ತಾಗದಂತೆ ಸೇರಿಕೊಂಡಿರುವ ತಾಳೆ ಎಣ್ಣೆಯ ದೊಡ್ಡ ಪಾಲು ಇಂಡೋನೇಷ್ಯಾದಿಂದ ಬರುತ್ತದೆ. ಜಗತ್ತಿನ ತಾಳೆ ಎಣ್ಣೆಯಲ್ಲಿ ಅರ್ಧಕ್ಕಿಂತ ಹೆಚ್ಚು ಆ ಒಂದೇ ದೇಶದ ಉತ್ಪನ್ನ. ಪಣಂಬೂರಿನ ಬಂದರಿನಲ್ಲಿ ಟ್ಯಾಂಕರ್ ಹಡಗುಗಳಿಂದ ಇಳಿದು ಬೈಕಂಪಾಡಿಯ ಶುದ್ಧೀಕರಣ ಘಟಕಗಳಿಗೆ ಹರಿಯುವ ಎಣ್ಣೆಯ ಹಣ್ಣು ಬೆಳೆಯುವುದು ಸುಮಾತ್ರಾದ ರಿಯಾವು ಪ್ರಾಂತದಲ್ಲಿ, ಕಾಲಿಮಂತಾನಿನ ತೋಟಗಳಲ್ಲಿ. ಅದು ಹಡಗೇರುವುದು ದುಮಾಯಿ, ಬೆಲವಾನ್ ಮುಂತಾದ ಬಂದರುಗಳಲ್ಲಿ. ಹೀಗೆ ತೋಟದಿಂದ ನಮ್ಮ ಬಂದರಿನವರೆಗೂ ಬರುವ ಆ ಎಣ್ಣೆ ಜಕಾರ್ತದ ಮುಖವನ್ನೇ ನೋಡಿರುವುದಿಲ್ಲ. ಆದರೆ ಅದನ್ನು ಮಾರುವವರು, ಅದಕ್ಕೆ ಸುಂಕ ವಿಧಿಸುವವರು, ಸಾಗಣೆಗೆ ಅನುಮತಿ ಕೊಡುವವರು, ಒಮ್ಮೊಮ್ಮೆ ಆ ಅನುಮತಿಯನ್ನು ಹಿಂತೆಗೆದುಕೊಳ್ಳುವವರು ಎಲ್ಲರೂ ಕುಳಿತಿರುವುದು ಜಕಾರ್ತದಲ್ಲಿ. ಎಣ್ಣೆ ಖರೀದಿಯ ಕೆಲಸದಲ್ಲಿ ನಾನು ಆ ನಗರಕ್ಕೆ ಹೋಗಿ ಬರುತ್ತಿರುವುದು ಇದೇ ಕಾರಣಕ್ಕೆ. ಇವತ್ತು ನಿಮ್ಮ ಮುಂದೆ ಇಡುವುದು ಪ್ರವಾಸಿಯ ಕಥನವಲ್ಲ, ಒಬ್ಬ ಗಿರಾಕಿ ಆ ನಗರವನ್ನು ಅರ್ಥ ಮಾಡಿಕೊಂಡ ಬಗೆ.

ಅರ್ಥ ಮಾಡಿಕೊಂಡದ್ದು ಏನು ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ಒಂದು ಮಹಾನಗರದಲ್ಲಿ ಸರ್ಕಾರವೋ ನಗರಸಭೆಯೋ ಕಾಲಕ್ಕೆ ಸರಿಯಾಗಿ ಒದಗಿಸಬೇಕಾದ ರಸ್ತೆ, ಬಸ್ಸು, ಕುಡಿಯುವ ನೀರು, ಹಣದ ಭದ್ರತೆ ಇವೆಲ್ಲ ಜಕಾರ್ತದಲ್ಲಿ ತಡವಾಗಿ ಬಂದವು, ಕೆಲವು ಇನ್ನೂ ಬರುತ್ತಿವೆ. ಜನ ಕಾಯಲಿಲ್ಲ. ತಂತಮ್ಮ ಏರ್ಪಾಡನ್ನು ತಾವೇ ಮಾಡಿಕೊಂಡರು. ಆ ನಗರದ ಚುರುಕು, ವ್ಯಾಪಾರದ ಜಾಣ್ಮೆ ಎಂದು ನಾವು ಮೆಚ್ಚುವುದೆಲ್ಲ ಈ ಖಾಸಗಿ ಏರ್ಪಾಡುಗಳಿಂದ ಹುಟ್ಟಿದ್ದು. ಅದರ ಅತಿ ದೊಡ್ಡ ಕೇಡು ಹುಟ್ಟಿದ್ದೂ ಅಲ್ಲಿಂದಲೇ.

ಮೊದಲು ಅದರ ಗಾತ್ರ. ಆಡಳಿತದ ಲೆಕ್ಕದ ಜಕಾರ್ತದಲ್ಲಿ ಒಂದು ಕೋಟಿಗೂ ಹೆಚ್ಚು ಜನರಿದ್ದಾರೆ. ಆದರೆ ಬೊಗೋರ್, ದೆಪೋಕ್, ತಂಗೆರಾಂಗ್, ಬೆಕಾಸಿ ಎಂಬ ಸುತ್ತಲಿನ ನಗರಗಳು ಈಗ ನಡುವೆ ಗದ್ದೆಯ ಗೆರೆಯೂ ಇಲ್ಲದಂತೆ ಅದಕ್ಕೆ ಕೂಡಿಕೊಂಡಿವೆ. 2025ರಲ್ಲಿ ವಿಶ್ವಸಂಸ್ಥೆ ಪ್ರಕಟಿಸಿದ ಅಂದಾಜಿನಲ್ಲಿ ಈ ಇಡೀ ಹರವನ್ನು ಒಂದೇ ನಗರವೆಂದು ಎಣಿಸಿ ಸುಮಾರು 4.2 ಕೋಟಿ ಜನಸಂಖ್ಯೆಯೊಂದಿಗೆ ಜಗತ್ತಿನ ಅತಿ ದೊಡ್ಡ ನಗರದ ಸ್ಥಾನ ಕೊಡಲಾಗಿದೆ; ದಶಕಗಳ ಕಾಲ ಆ ಸ್ಥಾನದಲ್ಲಿದ್ದ ಟೋಕಿಯೊ ಈಗ ಢಾಕಾಕ್ಕೂ ಹಿಂದೆ, ಮೂರನೆಯದಾಗಿದೆ. ಡಚ್ ಈಸ್ಟ್ ಇಂಡಿಯಾ ಕಂಪನಿ 1619ರಲ್ಲಿ ಬಟಾವಿಯಾ ಎಂಬ ಹೆಸರಿನಲ್ಲಿ ಇಲ್ಲಿ ಕೋಟೆ ಕಟ್ಟಿಕೊಂಡಾಗ ಅದಕ್ಕೆ ಬೇಕಾಗಿದ್ದುದು ಮಸಾಲೆ ಹಡಗುಗಳಿಗೆ ಒಂದು ನಿಲ್ದಾಣ, ಒಂದಷ್ಟು ಗೋದಾಮು. ಹದಿಮೂರು ನದಿಗಳು ಹರಿದು ಸಮುದ್ರ ಸೇರುವ ಜೌಗು ಬಯಲಿನಲ್ಲಿ, ಗೋದಾಮಿಗೆ ತಕ್ಕ ಜಾಗದಲ್ಲಿ, ಕೋಟಿಗಟ್ಟಲೆ ಜನ ಬಂದು ನೆಲೆಸಬಹುದೆಂದು ಅಂದು ಯಾರೂ ಎಣಿಸಿರಲಾರರು.

ನಾವು ಹೋಗುವಾಗ ಸಾಮಾನ್ಯವಾಗಿ ಸಿಂಗಪುರದಲ್ಲೋ ಕ್ವಾಲಾಲಂಪುರದಲ್ಲೋ ವಿಮಾನ ಬದಲಿಸುತ್ತೇವೆ. ಆ ಎರಡು ನಗರಗಳ ಓರಣವನ್ನು ನೋಡಿ ಜಕಾರ್ತಕ್ಕೆ ಇಳಿದವನಿಗೆ ಮೊದಲ ದಿನ ಅದು ಒರಟಾಗಿ ಕಾಣುತ್ತದೆ. ಬೆಂಗಳೂರಿನಿಂದ ನೇರವಾಗಿ ಮನಸ್ಸನ್ನು ಕೊಂಡೊಯ್ದವನಿಗೆ ಮಾತ್ರ ಅಷ್ಟೇನೂ ಹೊಸದೆನಿಸದು. ಸುದಿರ್ಮಾನ್ ಮತ್ತು ತಮ್ರಿನ್ ಎಂಬ ಎರಡು ಹೆದ್ದಾರಿಗಳ ಉದ್ದಕ್ಕೂ ಗಾಜಿನ ಗೋಪುರಗಳು. ಅವುಗಳ ಬೆನ್ನಿಗೆ, ಇಬ್ಬರು ಎದುರುಬದುರಾದರೆ ಒಬ್ಬರು ಗೋಡೆಗೆ ಒರಗಬೇಕಾದ ಓಣಿಗಳು, ಕಂಪೊಂಗ್ ಎಂದು ಕರೆಯುವ ಹಳ್ಳಿಯಂಥ ಕೇರಿಗಳು. ನಲವತ್ತನೆಯ ಮಹಡಿಯ ಕಚೇರಿಯಲ್ಲಿ ದರ ಮಾತಾಡುವವನು ಮಧ್ಯಾಹ್ನ ಊಟಕ್ಕೆ ಇಳಿಯುವುದು ಅದೇ ಓಣಿಯ ತಳ್ಳುಗಾಡಿಗೆ.

ಜಕಾರ್ತದಲ್ಲಿ ದೂರವನ್ನು ಯಾರೂ ಕಿಲೋಮೀಟರಿನಲ್ಲಿ ಹೇಳುವುದಿಲ್ಲ. ಬೆಳಿಗ್ಗೆ ಒಂದು ಭೇಟಿ, ಮಧ್ಯಾಹ್ನದ ಮೇಲೆ ಇನ್ನೊಂದು, ಅಷ್ಟಕ್ಕೇ ದಿನವನ್ನು ಒಪ್ಪಿಸಬೇಕು. ಮೂರನೆಯದನ್ನು ಹೊಂದಿಸುವ ಆಸೆಯಿದ್ದರೆ ಮೂರೂ ಒಂದೇ ಹೋಟೆಲಿನ ಮೊಗಸಾಲೆಯಲ್ಲಿ ನಡೆಯುವಂತೆ ನೋಡಿಕೊಳ್ಳಬೇಕು. ಈ ದಟ್ಟಣೆಯನ್ನು ತಗ್ಗಿಸಲು ಸರ್ಕಾರ ಬಹಳ ಕಾಲ ಒಂದು ನಿಯಮವನ್ನು ಇಟ್ಟುಕೊಂಡಿತ್ತು: ಮುಖ್ಯ ರಸ್ತೆಗಳಲ್ಲಿ ಬೆಳಿಗ್ಗೆ ಸಂಜೆ ಓಡುವ ಪ್ರತಿ ಕಾರಿನಲ್ಲಿ ಕನಿಷ್ಠ ಮೂರು ಜನರಿರಬೇಕು. ಜನ ಏನು ಮಾಡಿದರೆಂದು ಕೇಳಿ. ಆ ರಸ್ತೆಗಳಿಗೆ ಸೇರುವ ತಿರುವುಗಳಲ್ಲಿ ಬಾಡಿಗೆ ಪ್ರಯಾಣಿಕರು ಸಾಲಾಗಿ ನಿಲ್ಲತೊಡಗಿದರು. ಜಾಕಿಗಳೆಂದು ಅವರ ಹೆಸರು. ಒಂದು ಬೆರಳು ಎತ್ತಿದರೆ ಒಬ್ಬರು ಬರುತ್ತೇವೆಂದು ಅರ್ಥ, ಎರಡು ಎತ್ತಿದರೆ ಇಬ್ಬರು. ಕಂಕುಳಲ್ಲಿ ಕೂಸನ್ನು ಎತ್ತಿಕೊಂಡ ತಾಯಂದಿರಿಗೆ ಬೇಡಿಕೆ ಹೆಚ್ಚು, ಏಕೆಂದರೆ ಒಬ್ಬಳನ್ನು ಹತ್ತಿಸಿಕೊಂಡರೆ ಲೆಕ್ಕಕ್ಕೆ ಇಬ್ಬರು ಸಿಗುತ್ತಿದ್ದರು. ಕಾರಿನ ಮಾಲೀಕ ಒಂದಷ್ಟು ರುಪಿಯಾ (ಅಲ್ಲಿನ ಹಣ) ಕೊಟ್ಟು ಅವರನ್ನು ನಿರ್ಬಂಧದ ರಸ್ತೆ ಮುಗಿಯುವವರೆಗೆ ಕೂರಿಸಿಕೊಂಡು ಹೋಗಿ ಇಳಿಸುತ್ತಿದ್ದ. ಅವರು ಎದುರು ದಿಕ್ಕಿನ ಕಾರು ಹಿಡಿದು ಮರಳುತ್ತಿದ್ದರು. ಮಕ್ಕಳನ್ನು ಹೀಗೆ ಬಳಸಿಕೊಳ್ಳುತ್ತಿದ್ದಾರೆಂಬ ಆಕ್ಷೇಪವೂ ಸೇರಿ 2016ರಲ್ಲಿ ಆ ನಿಯಮವನ್ನು ಕೈಬಿಟ್ಟು ಸಮ-ಬೆಸ ಸಂಖ್ಯೆಯ ಪದ್ಧತಿಯನ್ನು ತಂದರು. ಇಂದಿಗೂ ಕೆಲಸದ ದಿನಗಳಲ್ಲಿ ಬೆಳಿಗ್ಗೆ ಮತ್ತು ಸಂಜೆ ಮುಖ್ಯ ರಸ್ತೆಗಳಲ್ಲಿ ತಾರೀಖು ಸಮವಾಗಿದ್ದರೆ ಸಮ ಸಂಖ್ಯೆಯ ಕಾರುಗಳು, ಬೆಸವಾಗಿದ್ದರೆ ಬೆಸ ಸಂಖ್ಯೆಯವು. ಉಳ್ಳವರು ಮನೆಯಲ್ಲಿ ಎರಡು ಕಾರು ಇಟ್ಟುಕೊಂಡಿದ್ದಾರೆ, ಒಂದು ಸಮ, ಒಂದು ಬೆಸ. ಭೇಟಿಯ ಸಮಯ ಗೊತ್ತುಪಡಿಸುವಾಗ ನಮ್ಮ ಕಡೆಯವರು ರಾಹುಕಾಲ ನೋಡುವುದುಂಟು. ಅಲ್ಲಿ ಕಾರಿನ ಸಂಖ್ಯೆ ನೋಡುತ್ತಾರೆ.

ದಟ್ಟಣೆಯಿಂದಲೇ ಹುಟ್ಟಿದ ಇನ್ನೊಂದು ಏರ್ಪಾಡು ಓಜೆಕ್, ಎಂದರೆ ಬಾಡಿಗೆ ಬೈಕು. ಬೀದಿಯ ಮೂಲೆಯಲ್ಲಿ ಮರದ ನೆರಳಿಗೆ ಬೈಕು ನಿಲ್ಲಿಸಿಕೊಂಡು ಗಿರಾಕಿಗಾಗಿ ಕಾಯುವವರು ಅಲ್ಲಿ ದಶಕಗಳಿಂದ ಇದ್ದರು. ಅವರು ದಿನದ ಹೆಚ್ಚು ಹೊತ್ತನ್ನು ಕಾಯುವುದರಲ್ಲೇ ಕಳೆಯುತ್ತಾರೆಂಬುದನ್ನು ಗಮನಿಸಿದ ನದೀಮ್ ಮಕಾರಿಂ ಎಂಬ ಯುವಕ 2010ರಲ್ಲಿ ಇಪ್ಪತ್ತು ಸವಾರರನ್ನೂ ಒಂದು ದೂರವಾಣಿ ಕೇಂದ್ರವನ್ನೂ ಇಟ್ಟುಕೊಂಡು ಗೋಜೆಕ್ ಸಂಸ್ಥೆಯನ್ನು ಆರಂಭಿಸಿದರು. 2015ರ ಜನವರಿಯಲ್ಲಿ ಅದರ ಮೊಬೈಲ್ ಆ್ಯಪ್ ಬಂದ ಮೇಲೆ ಹಸಿರು ಜಾಕೀಟಿನ ಸವಾರರು ಇಡೀ ನಗರವನ್ನು ತುಂಬಿಕೊಂಡರು. ಊಟ, ಔಷಧ, ಕಡತ, ಹಣ, ಮನುಷ್ಯ, ಯಾವುದನ್ನೇ ಆಗಲಿ ಅವರು ಒಂದು ಕಡೆಯಿಂದ ಇನ್ನೊಂದು ಕಡೆಗೆ ಮುಟ್ಟಿಸುತ್ತಾರೆ. ಇಲ್ಲಿ ನಮಗೊಂದು ನಂಟಿದೆ. ಗಿರಾಕಿಗಳು ಏಕಾಏಕಿ ಹೆಚ್ಚಿ ಆ್ಯಪ್ ತತ್ತರಿಸುತ್ತಿದ್ದಾಗ ಆ ಸಂಸ್ಥೆ 2016ರಲ್ಲಿ ಭಾರತದ ಸಣ್ಣ ತಂತ್ರಾಂಶ ಕಂಪನಿಗಳನ್ನು ಕೊಂಡುಕೊಂಡು ಬೆಂಗಳೂರಿನಲ್ಲಿ ತನ್ನ ಎಂಜಿನಿಯರಿಂಗ್ ಕೇಂದ್ರವನ್ನು ತೆರೆಯಿತು. ಜಕಾರ್ತದ ಓಣಿಯಲ್ಲಿ ಯಾವ ಸವಾರನಿಗೆ ಯಾವ ಗಿರಾಕಿ ಎಂಬುದನ್ನು ತೀರ್ಮಾನಿಸುವ ತಂತ್ರಾಂಶದಲ್ಲಿ ನಮ್ಮ ಊರಿನ ಹುಡುಗ ಹುಡುಗಿಯರ ಕೈಯೂ ಇದೆ. ಬೆಂಗಳೂರಿನಲ್ಲಿಯೇ ಬೈಕ್ ಟ್ಯಾಕ್ಸಿ ಇರಬೇಕೇ ಬೇಡವೇ ಎಂದು ನ್ಯಾಯಾಲಯದವರೆಗೆ ಜಗ್ಗಾಟ ನಡೆದಿದ್ದನ್ನು ನೆನೆದರೆ ಇದು ಸ್ವಲ್ಪ ವಿಚಿತ್ರವಾಗಿಯೇ ಕಾಣುತ್ತದೆ.

ಸಾರ್ವಜನಿಕ ಏರ್ಪಾಡು ಏನೂ ಇಲ್ಲವೆಂದು ಹೇಳಿದರೆ ಅನ್ಯಾಯವಾದೀತು. 2004ರ ಜನವರಿಯಲ್ಲಿ ಬ್ಲೊಕ್ ಎಂ ಎಂಬಲ್ಲಿಂದ ಹಳೆಯ ಪಟ್ಟಣದ ಕೋಟಾದವರೆಗೆ ಆರಂಭವಾದ ಟ್ರಾನ್ಸ್‌ಜಕಾರ್ತ ಬಸ್ಸು ಇಂದು ಸುಮಾರು 250 ಕಿಲೋಮೀಟರ್ ಪ್ರತ್ಯೇಕ ಪಥದ ಜಾಲವಾಗಿ ಬೆಳೆದಿದೆ. ಈ ಬಗೆಯ ಬಸ್ ಜಾಲಗಳಲ್ಲಿ ಜಗತ್ತಿನಲ್ಲೇ ಇದು ಅತಿ ಉದ್ದವಾದುದು. ಟಿಕೆಟಿನ ದರ 3,500 ರುಪಿಯಾ, ನಮ್ಮ ಇಪ್ಪತ್ತು ರೂಪಾಯಿಯ ಆಸುಪಾಸು. ಬಹಳ ವರ್ಷಗಳಿಂದ ಅದನ್ನು ಏರಿಸಿಲ್ಲ. ಹುಬ್ಬಳ್ಳಿ-ಧಾರವಾಡದ ಚಿಗರಿ ಬಸ್ಸನ್ನು ನೋಡಿದವರಿಗೆ ಅದರ ಸ್ವರೂಪ ಒಡನೆ ತಿಳಿಯುತ್ತದೆ: ರಸ್ತೆಯ ನಡುವೆ ಎತ್ತರದ ನಿಲ್ದಾಣ, ಬಸ್ಸಿನ ನೆಲಕ್ಕೆ ಸಮನಾದ ಕಟ್ಟೆ, ಬೇರೆ ವಾಹನಗಳಿಗೆ ಪ್ರವೇಶವಿಲ್ಲದ ಪಥ. ಮೆಟ್ರೊ ರೈಲಿನ ವಿಷಯದಲ್ಲಿ ಮಾತ್ರ ಬೆಂಗಳೂರೇ ಮುಂದು. ನಮ್ಮಲ್ಲಿ 2011ರಲ್ಲಿ ಓಡಿದ ರೈಲು ಜಕಾರ್ತದಲ್ಲಿ ಓಡಿದ್ದು 2019ರ ಮಾರ್ಚ್‌ನಲ್ಲಿ, ಜಪಾನಿನ ಸಾಲದ ನೆರವಿನಿಂದ, ಸುಮಾರು 16 ಕಿಲೋಮೀಟರ್, 13 ನಿಲ್ದಾಣ. ಆ ರೈಲು ಬಂದ ಮೇಲೆ ಸುದಿರ್ಮಾನ್ ರಸ್ತೆಯ ಗೋಪುರದಿಂದ ಗೋಪುರಕ್ಕೆ ಹೋಗಲು ನಾನು ಕಾರನ್ನು ಕೇಳುವುದೇ ಇಲ್ಲ.

ಇನ್ನು ಕಚೇರಿಯೊಳಕ್ಕೆ ಬರೋಣ. ಅಲ್ಲಿ ಉದ್ದ ತೋಳಿನ ಬಾತಿಕ್ ಅಂಗಿಯೇ ಮರ್ಯಾದೆಯ ಉಡುಗೆ. ಶುಕ್ರವಾರವಂತೂ ಇಡೀ ಕಟ್ಟಡ ಬಾತಿಕ್ ತೊಟ್ಟಿರುತ್ತದೆ. ಕೋಟು, ಟೈ ಬಿಗಿದುಕೊಂಡು ಕುಳಿತವನು ಹೊರಗಿನವನೆಂದು ದೂರದಿಂದಲೇ ಗೊತ್ತಾಗುತ್ತದೆ. ಸಭೆಯಲ್ಲಿ ದನಿ ಏರಿಸಿ ದರ ಇಳಿಸುವ ನಮ್ಮ ಬಂದರಿನ ಪದ್ಧತಿ ಅಲ್ಲಿ ಏನೇನೂ ನಡೆಯದು. ಚಹಾ ಬರುತ್ತದೆ, ಮಕ್ಕಳ ಓದಿನ ವಿಚಾರ ಬರುತ್ತದೆ, ಮಳೆಯ ವಿಚಾರ ಬರುತ್ತದೆ, ದರದ ವಿಚಾರವೂ ಬಂದು ಹೋಗುತ್ತದೆ. ತೀರ್ಮಾನ ಮಾತ್ರ ಮೇಜಿನ ಮೇಲೆ ಆಗುವುದಿಲ್ಲ. ಅದು ಸಭೆಯಲ್ಲಿ ಬಾಯಿ ಬಿಡದೆ ಕುಳಿತಿದ್ದ ಕಿರಿಯ ಅಧಿಕಾರಿಯ ವಾಟ್ಸಾಪ್ ಸಂದೇಶವಾಗಿ ರಾತ್ರಿ ಬರುತ್ತದೆ. ಎಲ್ಲರೆದುರು ಒಲ್ಲೆ ಎನ್ನುವ ಮುಜುಗರ ಇಬ್ಬರಿಗೂ ತಪ್ಪಲಿ ಎಂಬ ಈ ರೂಢಿಯನ್ನು ಮೊದಮೊದಲು ಕೆಲವರು ಕಳ್ಳಾಟವೆಂದು ಬಗೆಯುತ್ತಾರೆ. ನನಗೆ ಅದರಲ್ಲಿ ಒಂದು ನಯ ಕಾಣುತ್ತದೆ, ವ್ಯವಹಾರಕ್ಕೆ ಉಪಯೋಗವೂ ಕಾಣುತ್ತದೆ: ಸಂದೇಶಕ್ಕೆ ಉತ್ತರ ಕೊಡುವ ಮುನ್ನ ಯೋಚಿಸಲು ನನಗೂ ಒಂದು ರಾತ್ರಿ ಸಿಕ್ಕಿರುತ್ತದೆ.

ಒಪ್ಪಂದವಾದ ಮೇಲೆ ಮತರಾಯ್ ಎಂಬ ಮುದ್ರಾಂಕದ ಚೀಟಿ ಬರುತ್ತದೆ. 2021ರಿಂದ ಅದರ ಬೆಲೆ 10,000 ರುಪಿಯಾ. ಅಂಚೆಚೀಟಿಗಿಂತ ತುಸು ದೊಡ್ಡದಾದ ಈ ಚೀಟಿಯನ್ನು ಕಡೆಯ ಪುಟದಲ್ಲಿ ಸಹಿಯ ಜಾಗಕ್ಕೆ ಅಂಟಿಸುತ್ತಾರೆ, ಮತ್ತು ಸಹಿಯ ಅರ್ಧ ಚೀಟಿಯ ಮೇಲೆ, ಇನ್ನರ್ಧ ಕಾಗದದ ಮೇಲೆ ಬೀಳುವಂತೆ ಹಾಕಬೇಕು. ಪೂರಾ ಚೀಟಿಯ ಮೇಲೆ ಬಿದ್ದರೂ ಆಗದು, ಪೂರಾ ಹೊರಗೆ ಬಿದ್ದರೂ ಆಗದು. ಅಂಟಿನ ಪಸೆ ಆರದ ಚೀಟಿಯ ಮೇಲೆ ಲೇಖನಿ ಓಡಿದಾಗ ಮಸಿ ಸ್ವಲ್ಪ ಹರಡುತ್ತದೆ. ಕಾರ್ಯದರ್ಶಿ ಅದನ್ನು ಬೆಳಕಿಗೆ ಹಿಡಿದು ನೋಡಿ, ಮಸಿ ಎರಡೂ ಕಡೆ ಬಿದ್ದಿದೆಯೆಂದು ಖಚಿತಪಡಿಸಿಕೊಂಡು, ಆಮೇಲೆ ಕಂಪನಿಯ ಮೊಹರನ್ನು ಒತ್ತುತ್ತಾಳೆ. ಈಗ ಇದರ ಡಿಜಿಟಲ್ ರೂಪವೂ ಬಂದಿದೆ. ಆದರೂ ಹಿರಿಯ ಮಾಲೀಕರಿಗೆ ಮಸಿ ಹರಡಿದ ಕಾಗದವನ್ನು ನೋಡಿದರೇನೇ ಸಮಾಧಾನ.

ಸಸ್ಯಾಹಾರಿಗಳು ಊಟದ ಬಗ್ಗೆ ಕೇಳುತ್ತೀರಿ, ಆದ್ದರಿಂದ ಎರಡು ಮಾತು. ಟೆಂಪೆ ಎಂಬ ಹುದುಗಿಸಿದ ಸೋಯಾ, ಶೇಂಗಾ ಚಟ್ನಿ ಸುರಿದ ಗಾದೊ-ಗಾದೊ ಧಾರಾಳವಾಗಿ ಸಿಗುತ್ತವೆ, ಆದರೆ ಖಾರದ ಯಾವ ಗೊಜ್ಜಿನಲ್ಲಾದರೂ ಸೀಗಡಿಯ ಪೇಸ್ಟ್ ಇರಬಹುದು, ಕೇಳಿಯೇ ತಿನ್ನಬೇಕು. ಸುಮಾತ್ರಾ ಬಗೆಯ ಪಾದಾಂಗ್ ಊಟದ ಮನೆಯ ಲೆಕ್ಕಾಚಾರವನ್ನು ಮಾತ್ರ ವ್ಯಾಪಾರಿಯಾದವನು ನೋಡಲೇಬೇಕು. ಕೇಳುವ ಮೊದಲೇ ಮಾಣಿ ಒಂದೇ ತೋಳಿನ ಮೇಲೆ ಹತ್ತು ಹನ್ನೆರಡು ತಟ್ಟೆಗಳನ್ನು ಪೇರಿಸಿಕೊಂಡು ಬಂದು ಮೇಜಿನ ತುಂಬ ಹರಡುತ್ತಾನೆ. ನೀವು ಮುಟ್ಟಿದ್ದಕ್ಕೆ ಮಾತ್ರ ಹಣ. ಮುಟ್ಟದ ತಟ್ಟೆ ಒಳಗೆ ಹಿಂದಿರುಗುತ್ತದೆ. ಊಟ ಮುಗಿದ ಮೇಲೆ ಮಾಲೀಕ ಖಾಲಿ ತಟ್ಟೆಗಳ ಮೇಲೆ ಒಮ್ಮೆ ಕಣ್ಣು ಹಾಯಿಸಿ ಮೊತ್ತ ಹೇಳುತ್ತಾನೆ, ಅದು ತಪ್ಪಿದ್ದನ್ನು ನಾನು ಕಂಡಿಲ್ಲ.

ಜಕಾರ್ತದ ವರ್ತಕರ ಎಚ್ಚರವನ್ನು ಅರಿಯಲು 1998ಕ್ಕೆ ಹೋಗಬೇಕು. 1997ರ ಮಧ್ಯಭಾಗದಲ್ಲಿ ಒಂದು ಡಾಲರಿಗೆ ಸುಮಾರು 2,400 ರುಪಿಯಾ ಇದ್ದದ್ದು ಮರುವರ್ಷ 16,000ವನ್ನು ದಾಟಿತು. ಡಾಲರಿನಲ್ಲಿ ಸಾಲ ಮಾಡಿ ರುಪಿಯಾದಲ್ಲಿ ಗಳಿಸುತ್ತಿದ್ದ ಕಂಪನಿಗಳು ಸಾಲುಸಾಲಾಗಿ ನೆಲಕಚ್ಚಿದವು. 1998ರ ಮೇ ತಿಂಗಳ ಗಲಭೆಯಲ್ಲಿ ಚೀನೀ ಮೂಲದ ವರ್ತಕರ ಕೇಂದ್ರವಾದ ಗ್ಲೊಡೊಕ್ ಹೊತ್ತಿ ಉರಿಯಿತು. ಸಾವಿರಕ್ಕೂ ಹೆಚ್ಚು ಜನ ಸತ್ತರು. ಮೂರು ದಶಕಕ್ಕೂ ಮೀರಿ ಆಳಿದ್ದ ಸುಹಾರ್ತೊ ಮೇ 21ರಂದು ರಾಜೀನಾಮೆ ಕೊಟ್ಟರು. ಆ ವರ್ಷ ಅಂಗಡಿಯ ಬಾಗಿಲಿಗೆ ಕಾವಲು ಕುಳಿತ ತಂದೆಯನ್ನು ಕಂಡ ಮಕ್ಕಳೇ ಇಂದು ಕಂಪನಿಗಳ ಮಾಲೀಕರು. ಅವರು ಉಳಿತಾಯವನ್ನು ಸಿಂಗಪುರದಲ್ಲಿ ಇಡುತ್ತಾರೆ, ಒಬ್ಬ ಮಗನನ್ನು ಆಸ್ಟ್ರೇಲಿಯಾದಲ್ಲಿ ಓದಿಸುತ್ತಾರೆ, ಹೊರನಾಡಿನ ವ್ಯವಹಾರವನ್ನು ಡಾಲರಿನಲ್ಲೇ ಮಾತಾಡುತ್ತಾರೆ. ದೇಶದೊಳಗಿನ ಎಲ್ಲ ವಹಿವಾಟೂ ರುಪಿಯಾದಲ್ಲೇ ಆಗಬೇಕೆಂದು 2015ರಲ್ಲಿ ಅಲ್ಲಿನ ಕೇಂದ್ರ ಬ್ಯಾಂಕು ನಿಯಮ ಮಾಡಿದೆ; ಮನಸ್ಸಿನ ಲೆಕ್ಕ ಮಾತ್ರ ಇನ್ನೂ ಡಾಲರಿನದೇ. ಇದೂ ತಂತಮ್ಮ ಏರ್ಪಾಡೇ. ಹಣದ ಭದ್ರತೆಯನ್ನು ಸರ್ಕಾರ ಕೊಡಲಾರದು ಎಂದು ಒಮ್ಮೆ ಕಂಡುಕೊಂಡ ಪೀಳಿಗೆ ತನ್ನ ಭದ್ರತೆಯನ್ನು ಬೇರೆ ಕಡೆ ಕಟ್ಟಿಕೊಂಡಿದೆ.

ನಮ್ಮ ಸರಕಿನ ವಿಷಯದಲ್ಲಿ ಇದೇ ಪಾಠ ನಮಗೆ ಬಿದ್ದದ್ದು 2022ರಲ್ಲಿ. ಉಕ್ರೇನ್ ಯುದ್ಧದಿಂದ ಸೂರ್ಯಕಾಂತಿ ಎಣ್ಣೆ ನಿಂತು ಎಲ್ಲ ಖಾದ್ಯತೈಲಗಳ ಬೆಲೆ ಗಗನಕ್ಕೇರಿತ್ತು. ಜಗತ್ತಿಗೇ ಎಣ್ಣೆ ಮಾರುವ ದೇಶದ ರಾಜಧಾನಿಯಲ್ಲಿ ಗೃಹಿಣಿಯರು ಅಡುಗೆ ಎಣ್ಣೆಗಾಗಿ ಸಾಲು ನಿಂತರು. ಸರ್ಕಾರ ಲೀಟರಿಗೆ 14,000 ರುಪಿಯಾ ಎಂದು ಬೆಲೆ ಗೊತ್ತುಮಾಡಿತು. ಆ ಬೆಲೆಗೆ ಅಂಗಡಿಯಲ್ಲಿ ಎಣ್ಣೆ ಕಾಣೆಯಾಯಿತು. ರಫ್ತು ಮಾಡುವವರು ಇಂತಿಷ್ಟು ಪಾಲನ್ನು ಒಳನಾಡಿಗೆ ಬಿಡಬೇಕೆಂದು ಕಟ್ಟುಪಾಡು ಮಾಡಿತು, ಅದೂ ಸಾಲಲಿಲ್ಲ. ಕೊನೆಗೆ ಏಪ್ರಿಲ್ 22ರ ಶುಕ್ರವಾರ ಅಧ್ಯಕ್ಷ ಜೋಕೊ ವಿಡೊಡೊ ರಫ್ತು ನಿಷೇಧವನ್ನು ಪ್ರಕಟಿಸಿದರು. ಮುಂದಿನ ದಿನಗಳಲ್ಲಿ ನಿಷೇಧ ಸಂಸ್ಕರಿಸಿದ ಅಡುಗೆಯ ತಾಳೆ ಎಣ್ಣೆಯಾದ ಪಾಮೊಲೀನ್‌ಗೆ ಮಾತ್ರ, ಕಚ್ಚಾ ತಾಳೆ ಎಣ್ಣೆಗೆ ಅಲ್ಲ ಎಂಬ ವಿವರಣೆ ಬಂದು ಮಾರುಕಟ್ಟೆ ಉಸಿರು ಬಿಟ್ಟಿತು. 27ರಂದು ಕಚ್ಚಾ ಎಣ್ಣೆಯನ್ನೂ ಸೇರಿಸಿದರು; 28ರಿಂದ ನಿಷೇಧ ಜಾರಿಗೆ ಬಂತು. ಭಾರತದ ಖರೀದಿದಾರರು ಆ ವಾರ ನಿದ್ದೆ ಮಾಡಿದ್ದು ಕಡಿಮೆ. ಹಣ ಪಾವತಿಗೆ ಬ್ಯಾಂಕಿನ ಸಾಲಪತ್ರ (ಲೆಟರ್ ಆಫ್ ಕ್ರೆಡಿಟ್) ತೆರೆದಾಗಿದೆ, ಹಡಗಿಗೆ ಬಾಡಿಗೆ ಏರುತ್ತಿದೆ, ಎಣ್ಣೆ ದಡದ ಟ್ಯಾಂಕಿನಲ್ಲಿದೆ, ಅದನ್ನು ಹಡಗಿಗೆ ಹರಿಸುವಂತಿಲ್ಲ. ಮಾರುವವರೂ ಸುಖವಾಗಿರಲಿಲ್ಲ. ಟ್ಯಾಂಕುಗಳು ತುಂಬಿದವು, ಗಿರಣಿಗಳು ಹಣ್ಣು ಕೊಳ್ಳುವುದನ್ನು ನಿಲ್ಲಿಸಿದವು, ತಾಳೆ ಬೆಳೆಯುವ ಸಣ್ಣ ರೈತರು ಮೇ ತಿಂಗಳಲ್ಲಿ ಜಕಾರ್ತಕ್ಕೇ ಬಂದು ಪ್ರತಿಭಟಿಸಿದರು. ಮೇ 23ಕ್ಕೆ ನಿಷೇಧ ತೆರವಾಯಿತು.

ಇದಾದ ಮೇಲೆ ಒಪ್ಪಂದದಲ್ಲಿ ಸರ್ಕಾರದ ಕ್ರಮದಿಂದಾಗುವ ವಿಳಂಬದ ಕಲಮನ್ನು ಎಲ್ಲರೂ ಎರಡು ಸಲ ಓದುತ್ತಾರೆ. ನನ್ನ ಅಭಿಪ್ರಾಯದಲ್ಲಿ ಕಲಮಿಗಿಂತ ಮುಖ್ಯವಾದದ್ದು ಜಕಾರ್ತದ ಸಾಮಾನ್ಯ ಅಂಗಡಿಯಲ್ಲಿ ಎಣ್ಣೆಯ ಪೊಟ್ಟಣದ ಬೆಲೆ. ಮುಂದಿನ ತಿಂಗಳುಗಳ ಎಣ್ಣೆಗೆ ಇಂದೇ ದರ ಕಟ್ಟುವ ಕ್ವಾಲಾಲಂಪುರದ ವಾಯಿದೆ ಪೇಟೆಯ ದರ ನಮಗೆ ಕ್ಷಣಕ್ಷಣಕ್ಕೂ ಮೊಬೈಲಿನಲ್ಲಿ ಕಾಣುತ್ತದೆ. ಆದರೆ ರಂಜಾನ್‌ಗೆ ಮುಂಚೆ ಓಣಿಯ ಕರಿದ ತಿಂಡಿಯ ಗಾಡಿಯವನು ಎಣ್ಣೆಯ ಬಗ್ಗೆ ಗೊಣಗುತ್ತಿದ್ದಾನೆಯೇ ಎಂಬುದು ಆ ಪರದೆಯಲ್ಲಿ ಕಾಣುವುದಿಲ್ಲ. 2022ರ ನಿರ್ಧಾರ ಹುಟ್ಟಿದ್ದು ಆ ಗೊಣಗಿನಿಂದ. ಡೀಸೆಲ್‌ಗೆ ತಾಳೆ ಎಣ್ಣೆ ಬೆರೆಸುವ ಪ್ರಮಾಣವನ್ನು ಅಲ್ಲಿನ ಸರ್ಕಾರ 2023ರಲ್ಲಿ ಶೇ. 35ಕ್ಕೆ, 2025ರಲ್ಲಿ ಶೇ. 40ಕ್ಕೆ ಏರಿಸಿರುವುದರಿಂದ ಒಳನಾಡಿನಲ್ಲೇ ಉಳಿಯುವ ಎಣ್ಣೆ ಹೆಚ್ಚುತ್ತಿದೆ. ಇಂಥ ಇಕ್ಕಟ್ಟು ಮತ್ತೆ ಬಾರದೆಂದು ಹೇಳುವ ಧೈರ್ಯ ನನಗಿಲ್ಲ.

ಈಗ ನೀರಿನ ವಿಷಯ. ಖಾಸಗಿ ಏರ್ಪಾಡಿನ ಕೇಡು ಎಂದೆನಲ್ಲ, ಅದು ಇಲ್ಲಿದೆ.

ಉತ್ತರ ಜಕಾರ್ತದ ಮುವಾರಾ ಬಾರುವಿಗೆ ವ್ಯಾಪಾರಕ್ಕೆಂದು ಹೋಗುವ ಅಗತ್ಯ ನಮಗೆ ಬೀಳುವುದಿಲ್ಲ. ಆದರೂ ಹೋದವರು ಸಮುದ್ರದ ಗೋಡೆಯನ್ನು ಒಮ್ಮೆ ಏರಿ ನೋಡಬೇಕು. ಒಂದು ಪಕ್ಕದಲ್ಲಿ ಜಾವಾ ಸಮುದ್ರ, ಅದರ ಮೇಲೆ ಮೀನುಗಾರರ ದೋಣಿಗಳು. ಇನ್ನೊಂದು ಪಕ್ಕದಲ್ಲಿ ಮನೆಗಳು, ಅಂಗಡಿಗಳು, ಶಾಲೆಯಿಂದ ಮರಳುವ ಮಕ್ಕಳು. ದೋಣಿಗಳು ತೇಲುತ್ತಿರುವ ಮಟ್ಟ ಬೀದಿಯ ಮಟ್ಟಕ್ಕಿಂತ ಮೇಲಿದೆ. ಗೋಡೆಯ ಬಿರುಕುಗಳಲ್ಲಿ ನೀರು ಜಿನುಗಿ ಬುಡದಲ್ಲಿ ಪಾಚಿ ಕಟ್ಟಿದೆ. ಗೋಡೆಯ ಹೊರಗೆ ಸಮುದ್ರದ ಕಡೆಯಲ್ಲಿ ವಾಲ್ ಅಧುನಾ ಎಂಬ ಮಸೀದಿ ಬಹಳ ವರ್ಷಗಳಿಂದ ಅರ್ಧ ನೀರಿನಲ್ಲಿ ನಿಂತಿದೆ. ಒಂದು ಕಾಲದಲ್ಲಿ ಅಲ್ಲಿ ಜನ ನಮಾಜು ಮಾಡುತ್ತಿದ್ದರು.

ಸಮುದ್ರ ಏರಿತೆಂದು ನಾವು ತಕ್ಷಣ ಹೇಳುತ್ತೇವೆ. ಅದು ಏರುತ್ತಿರುವುದು ವರ್ಷಕ್ಕೆ ಕೆಲವೇ ಮಿಲಿಮೀಟರು. ನೆಲ ಇಳಿದಿರುವುದು ಅದರ ಹತ್ತಾರು ಪಟ್ಟು. ಉತ್ತರದ ಕೆಲವು ಭಾಗಗಳು ವರ್ಷಕ್ಕೆ 10 ಸೆಂಟಿಮೀಟರಿಗೂ ಹೆಚ್ಚು ಕುಸಿದ ಕಾಲವಿತ್ತು. ಕಾರಣ ಕೊಳವೆಬಾವಿ. ನಗರದ ಕುಡಿಯುವ ನೀರಿನ ಬಹುಪಾಲು ದೂರದ ಜತಿಲುಹುರ್ ಜಲಾಶಯದಿಂದ ಕಾಲುವೆಯಲ್ಲಿ ಬರುತ್ತದೆ, ಅದನ್ನು ಹಂಚುವ ಕೊಳವೆಗಳ ಜಾಲ ಮಾತ್ರ ನಗರ ಬೆಳೆದಷ್ಟು ಬೆಳೆಯಲಿಲ್ಲ. 1990ರ ದಶಕದ ಕೊನೆಯಲ್ಲಿ ನೀರು ಹಂಚಿಕೆಯನ್ನು ಎರಡು ಖಾಸಗಿ ಕಂಪನಿಗಳಿಗೆ ಕೊಟ್ಟರು. ಕಾಲು ಶತಮಾನದ ನಂತರ 2023ರಲ್ಲಿ ಅದು ನಗರದ ಸಂಸ್ಥೆಗೆ ಮರಳಿದಾಗಲೂ ಮೂರನೇ ಒಂದು ಭಾಗದಷ್ಟು ಜನಕ್ಕೆ ನಲ್ಲಿ ಮುಟ್ಟಿರಲಿಲ್ಲ. ನಲ್ಲಿ ಬಾರದ ಬಡವರು ಜೆರಿಕನ್ ತುಂಬಿದ ಕೈಗಾಡಿಯವರಿಂದ ನೀರು ಕೊಂಡರು, ಕೈ ಪಂಪು ಹಾಕಿಸಿದರು. ಹೋಟೆಲು, ಮಾಲು, ಕಾರ್ಖಾನೆ, ಕಚೇರಿ ಗೋಪುರಗಳು ನೂರಾರು ಮೀಟರ್ ಆಳಕ್ಕೆ ಕೊರೆದು ನೀರೆತ್ತಿದವು. ಪ್ರತಿಯೊಬ್ಬರ ಮಟ್ಟಿಗೂ ಅದು ಬುದ್ಧಿವಂತಿಕೆಯ ಕೆಲಸವೇ ಆಗಿತ್ತು.

ನಮ್ಮ ಬೆಂಗಳೂರೂ ಕೊಳವೆಬಾವಿಯ ಮೇಲೆ ನಿಂತ ಊರೇ. ಆದರೆ ಬೆಂಗಳೂರಿನ ಕೆಳಗೆ ಗಟ್ಟಿ ಕಲ್ಲು ಇದೆ. ಬಾವಿ ಬತ್ತುತ್ತದೆ, ನೆಲ ಅಲುಗುವುದಿಲ್ಲ. ಜಕಾರ್ತ ನಿಂತಿರುವುದು ಹದಿಮೂರು ನದಿಗಳು ತಂದು ಸುರಿದ ಮೆಕ್ಕಲಿನ ಮೇಲೆ. ಆಳದ ಮರಳಿನ ಪದರದಿಂದ ನೀರನ್ನು ಎಳೆದಾಗ ಅದರ ಮೇಲೂ ಕೆಳಗೂ ಇರುವ ಜೇಡಿಯ ಪದರಗಳು ತಮ್ಮೊಳಗಿನ ನೀರನ್ನು ಬಿಟ್ಟುಕೊಟ್ಟು, ಮೇಲಿನ ಭಾರಕ್ಕೆ ಚಪ್ಪಟೆಯಾಗುತ್ತವೆ. ಮುಂದೆ ನೀರು ತುಂಬಿದರೂ ಅವು ಹಿಂದಿನ ದಪ್ಪಕ್ಕೆ ಬರುವುದಿಲ್ಲ. ಕುಟ್ಟಿದ ಅವಲಕ್ಕಿ ಮತ್ತೆ ಅಕ್ಕಿಯಾಗದಂತೆ. ಕಾಂಕ್ರೀಟು ಹೊದ್ದ ನಗರದಲ್ಲಿ ಮಳೆಯ ನೀರು ಇಂಗಲೂ ದಾರಿಯಿಲ್ಲ. ಹೀಗಾಗಿ ಪ್ರತಿ ಮಳೆಗಾಲವೂ ಒಂದು ಪರೀಕ್ಷೆ. ಇಳಿದ ನೆಲದಿಂದ ನದಿಗಳು ತಾವಾಗಿ ಸಮುದ್ರಕ್ಕೆ ಹರಿಯಲಾರವು, ಪಂಪುಗಳಿಂದ ಎತ್ತಿ ಹಾಕಬೇಕು. 2020ರ ಹೊಸವರ್ಷದ ದಿನ ಹಲೀಂ ವಿಮಾನ ನಿಲ್ದಾಣದಲ್ಲಿ 377 ಮಿಲಿಮೀಟರ್ ಮಳೆಯಾಯಿತು. ಆ ಪ್ರವಾಹದಲ್ಲಿ ಅರವತ್ತಕ್ಕೂ ಹೆಚ್ಚು ಜನ ಸತ್ತರು.

ಇದಕ್ಕೆ ಪರಿಹಾರವಿಲ್ಲವೆಂದಲ್ಲ. ಟೋಕಿಯೊ ಕೂಡ ಒಮ್ಮೆ ಹೀಗೆಯೇ ಕುಸಿಯುತ್ತಿತ್ತು. ಅಂತರ್ಜಲ ಎತ್ತುವುದನ್ನು ಕಟ್ಟುನಿಟ್ಟಾಗಿ ನಿಯಂತ್ರಿಸಿದ ಮೇಲೆ ಕಳೆದ ಶತಮಾನದಲ್ಲೇ ಕುಸಿತ ಬಹುಮಟ್ಟಿಗೆ ನಿಂತಿತು. ಜಕಾರ್ತದಲ್ಲೂ 2023ರ ಆಗಸ್ಟ್‌ನಿಂದ ನಲ್ಲಿ ನೀರು ಸಿಗುವ ಗೊತ್ತುಮಾಡಿದ ವಲಯಗಳಲ್ಲಿ ದೊಡ್ಡ ಕಟ್ಟಡಗಳು ಅಂತರ್ಜಲ ಬಳಸುವಂತಿಲ್ಲ. ನಿಯಮ ಸರಿಯಾದದ್ದು. ಕೊಳವೆ ಹಾಕಿದ ಮೇಲೆ ಬರಬೇಕಾದ ನಿಯಮವಾದ್ದರಿಂದ ಕೊಳವೆ ತಡವಾದಷ್ಟೂ ಅದು ತಡವಾಗುತ್ತದೆ, ಅಷ್ಟೇ.

ಈ ನಡುವೆ ಸರ್ಕಾರವೇ ಇನ್ನೊಂದು ದಾರಿ ಹಿಡಿಯಿತು. 2019ರ ಆಗಸ್ಟ್‌ನಲ್ಲಿ ರಾಜಧಾನಿಯನ್ನು ಬೊರ್ನಿಯೊ ದ್ವೀಪದ ಪೂರ್ವ ಕಾಲಿಮಂತಾನಿಗೆ ಒಯ್ಯುವುದಾಗಿ ಪ್ರಕಟಿಸಿ, 2022ರಲ್ಲಿ ಕಾನೂನು ಮಾಡಿ, ನುಸಾಂತರಾ ಎಂಬ ಹೊಸ ನಗರವನ್ನು ಕಟ್ಟತೊಡಗಿತು. 2024ರ ಆಗಸ್ಟ್ 17ರ ಸ್ವಾತಂತ್ರ್ಯೋತ್ಸವ ಅಲ್ಲಿ ನಡೆಯಿತು. ಜಕಾರ್ತದ ಮೆರ್ದೆಕಾ ಮೈದಾನದ ಬಳಿ ಕೃಷ್ಣಾರ್ಜುನರ ರಥದ ಭವ್ಯ ಶಿಲ್ಪವಿದೆ. 1987ರಲ್ಲಿ ಅದನ್ನು ಮಾಡಿದ ಬಾಲಿಯ ಶಿಲ್ಪಿ ನ್ಯೋಮನ್ ನುವಾರ್ತಾ ಅವರೇ ಹೊಸ ರಾಜಧಾನಿಯಲ್ಲಿ ಗರುಡನ ಆಕಾರದ ಅಧ್ಯಕ್ಷ ಭವನವನ್ನು ವಿನ್ಯಾಸ ಮಾಡಿದ್ದಾರೆ. ಅದರ ಸೊಗಸಿನ ಬಗ್ಗೆ ನನ್ನ ತಕರಾರಿಲ್ಲ. ಆದರೆ ನಲ್ಲಿ ನೀರು ಬಾರದ ನಗರದಲ್ಲಿ ಪ್ರತಿಯೊಂದು ಗೋಪುರ ತನ್ನದೇ ಬಾವಿ ಕೊರೆದುಕೊಂಡಂತೆ, ಮುಳುಗುವ ನಗರದಿಂದ ಸರ್ಕಾರವೂ ತನ್ನ ಮಟ್ಟಿಗೆ ಒಂದು ಏರ್ಪಾಡು ಮಾಡಿಕೊಂಡಿದೆ ಎಂದೇ ನನಗೆ ತೋರುತ್ತದೆ. ಕೋಟಿಗಟ್ಟಲೆ ಜನರನ್ನು ಹಡಗಿಗೆ ತುಂಬಿ ಬೊರ್ನಿಯೊಗೆ ಕಳಿಸಲಾಗದು. ಅವರಿಗೆ ಬೇಕಾದದ್ದು ನಲ್ಲಿ, ಗೋಡೆ, ಪಂಪು.

ವ್ಯಾಪಾರವೂ ಹೋಗುವ ಲಕ್ಷಣವಿಲ್ಲ. ಬ್ಯಾಂಕುಗಳು, ವಿಮಾ ಕಂಪನಿಗಳು, ಹಡಗು ದಲ್ಲಾಳಿಗಳು, ಸರ್ಕಾರಿ ತೋಟಗಳ ಕಚ್ಚಾ ಎಣ್ಣೆಯನ್ನು ಟೆಂಡರ್ ಮೂಲಕ ಮಾರುವ ಕಚೇರಿ, ಎಲ್ಲವೂ ಇದ್ದಲ್ಲೇ ಇವೆ. ಜಕಾರ್ತ ವಾಣಿಜ್ಯ ಕೇಂದ್ರವಾಗಿ ಮುಂದುವರಿಯುತ್ತದೆಂದು 2024ರ ಕಾನೂನೂ ಹೇಳುತ್ತದೆ. ಮಂತ್ರಿಗಳು ಒಂದು ದ್ವೀಪದಲ್ಲಿ, ಮಾರುವವರು ಇನ್ನೊಂದು ದ್ವೀಪದಲ್ಲಿ ಇರುವ ದಿನ ಬಂದರೆ ಅನುಮತಿ ಪತ್ರಕ್ಕೆ ಎಷ್ಟು ಹೆಚ್ಚು ದಿನ ಹಿಡಿಯಬಹುದೆಂದು ನಮ್ಮ ಮಾರಾಟಗಾರರೊಬ್ಬರನ್ನು ಕೇಳಿದೆ. ಆತ ನಕ್ಕು, ಮಂತ್ರಾಲಯದ ಗುಮಾಸ್ತರ ಮಕ್ಕಳು ಓದುತ್ತಿರುವುದು ಜಕಾರ್ತದ ಶಾಲೆಗಳಲ್ಲಿ, ಅವರು ಎಲ್ಲಿಗೂ ಹೋಗುವುದಿಲ್ಲ ಎಂದರು. ಆಮೇಲೆ ಜುಲೈ ಸಾಗಣೆಯ ದರಕ್ಕೆ ಬಂದರು.